ಜವಾರಿ ಡ್ರಮ್ಮು

ಇವತ್ತು ಮುಂಜಾನೆ ಚಹಾ ಇನ್ನೂ ತುಟಿಗೆ ಹತ್ತಿರಲಿಲ್ಲ, ಪಡಸಾಲೆಯಲ್ಲಿ ‘ಢಬ್, ಢಬ್’ ಶುರುವಾಯಿತು. ಬೆಂಗಳೂರಿನಿಂದ ಕುಂದಗೋಳಕ್ಕೆ ಬಂದಿದ್ದ ಅಣ್ಣನ ಮಗ ಫೋನಿನಲ್ಲಿ ಯಾವುದೋ ಹೊಸ ಆಲ್ಬಮ್ ಹಚ್ಚಿದ್ದ. ತಗಡಿನ ಡಬ್ಬಿಯನ್ನು ಬಾವಿಯೊಳಗೆ ಇಳಿಬಿಟ್ಟು ಬಡಿದಂಥ ಡ್ರಮ್ಮು, ಮೇಲೆ ಸಿಂಥಸೈಜರಿನ ಮಿಣಮಿಣ.

“ಎಂಬತ್ತರ ದಶಕದ ಸೌಂಡ್ ಐತ್ರಿ ಕಾಕಾ. ಒರಿಜಿನಲ್.”

“ಎಂಬತ್ತರಾಗ ನೀ ಎಲ್ಲಿದ್ದಿಲೇ?”

ಸಿಟ್ಟು ಹಾಡಿನ ಮೇಲಲ್ಲ, ‘ಒರಿಜಿನಲ್’ ಅಂದದ್ದರ ಮೇಲೆ. 1987ರಲ್ಲಿ ‘ಪ್ರೇಮಲೋಕ’ ಸಿನಿಮಾ ಬಂದಾಗ ಇಂಥದೇ ಸೌಂಡಿನ ಹಂಸಲೇಖರ ಹಾಡುಗಳು ಬಸ್ಸು, ಚಹಾದಂಗಡಿ, ಮದುವಿ ಹಂದರ ಒಂದನ್ನೂ ಬಿಡಲಿಲ್ಲ. ಅಪ್ಪ ಒಂದೇ ಶಬ್ದದಲ್ಲಿ ತೀರ್ಪು ಕೊಟ್ಟಿದ್ದರು: “ಹೈಬ್ರಿಡ್!” ನಮ್ಮ ಕಡೆ ಇದು ಬೈಗುಳ. ಬದನೆಕಾಯಿ, ಕೋಳಿ, ಆಕಳು, ಮಾತು, ಮನುಷ್ಯ, ಎಲ್ಲವೂ ಜವಾರಿ ಇದ್ದರೇ ಛಲೋ. ಹಾಗಂತ ಅಪ್ಪ ಬಿತ್ತಿದ್ದೇನು? 1981ರಲ್ಲಿ ಧಾರವಾಡದಿಂದ ಹೊರಬಿದ್ದ ಡಿಸಿಎಚ್-32 ಹತ್ತಿ, ಅಪ್ಪಟ ಹೈಬ್ರಿಡ್. ಮನೆಗೆ ಹೆಂಚು ಹೊದಿಸಿದ್ದು ಅದರ ದುಡ್ಡಿನಿಂದ. ಬಿಟಿ ಹತ್ತಿ ಬಂದ ಮೇಲೆ ಕಟ್ಟೆಯ ಮೇಲಿನ ಮುದುಕರು ಡಿಸಿಎಚ್ ನೆನೆದು ನಿಟ್ಟುಸಿರು ಬಿಡುವುದನ್ನು ನೋಡಿದರೆ, ಅದೂ ಈಗ ಜವಾರಿ ಆಗಿಬಿಟ್ಟಿದೆ.

ಹುಡುಗ ಇನ್ನೊಂದು ಹಚ್ಚಿದ. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ರೋಲಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕುಣಿಸಿದ ರೆಕಾರ್ಡಂತೆ. ಆಗ ಕೇಳುವವರಿರಲಿಲ್ಲ, 2010ರಲ್ಲಿ ಮತ್ತೆ ಹೊರಬಂದಾಗ ವಿಲಾಯತಿ ಮಂದಿ ಬೆರಗಾದರು. ಲಲಿತ ರಾಗ ಬಂತು. ಸವಾಯಿ ಗಂಧರ್ವರು ಭೀಮಸೇನ ಜೋಶಿಯವರಿಗೆ ಪಾಠ ಹೇಳಿದ ಊರಿನಲ್ಲಿ ಲಲಿತಕ್ಕೆ ಈ ಗತಿಯೇ ಎಂದು ಬೈಯಲು ಬಾಯಿ ತೆರೆದೆ. ಕಾಲು ಆಗಲೇ ತಾಳ ಹಾಕುತ್ತಿತ್ತು.

ತಂಬೂರಿಯಲ್ಲೂ ಒಂದು ಜವಾರಿ ಉಂಟು. ತಂತಿ ಕುದುರೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಕೂತಾಗ ಏಳುವ ಝೇಂಕಾರ. ಅದು ತೆರೆಯಬೇಕಾದರೆ ತಂತಿಯ ಕೆಳಗೆ ಒಂದೆಳೆ ನೂಲು ಸರಿಸಬೇಕು; ಆ ನೂಲಿನ ಹೆಸರು ಜೀವಾಳ. ಎಷ್ಟು ಚಂದದ ಹೆಸರು! ಈಗ ಗವಾಯಿಗಳ ಬೆನ್ನಿಗೆ ಎಲೆಕ್ಟ್ರಾನಿಕ್ ತಂಬೂರಿ. ಮೊಬೈಲ್ ಆ್ಯಪು ಬಂದ ಮೇಲೆ ಆ ಡಬ್ಬಿಯೂ ಮೂಲೆ ಸೇರುತ್ತಿದೆ. ಪರಿಚಯದ ಗವಾಯಿಯೊಬ್ಬರು ಮೊನ್ನೆ, “ಏನೇ ಅನ್ರಿ, ಹಳೇ ಡಬ್ಬಿ ಸುರ ಬ್ಯಾರೇನ ಇತ್ತು” ಎಂದು ಮರುಗಿದರು.

ಚಹಾ ಆರಿತ್ತು. ಅಟ್ಟ ಹತ್ತಿ ಅಪ್ಪನ ತಂಬೂರಿ ಇಳಿಸಿದೆ. ಜೀವಾಳ ಯಾವಾಗಲೋ ಉದುರಿಹೋಗಿತ್ತು. ತಲೆಮಾರುಗಟ್ಟಲೆ ಹತ್ತಿ ಬೆಳೆದ ಮನೆ. ನಾಲ್ಕು ಬೆರಳು ಹತ್ತಿನೂಲು ಸಿಗಲಿಲ್ಲ. ಹೊಲಿಗೆ ಡಬ್ಬಿಯಲ್ಲಿ ಇದ್ದದ್ದೆಲ್ಲ ಪಾಲಿಯೆಸ್ಟರ್.

“ಹಾಕ್ರಿ ಕಾಕಾ, ನಡೀತೈತಿ,” ಅಂದ ಹುಡುಗ.

ಹಾಕಿದೆ. ನಡೆಯಿತು. ಖರ್ಜದ ತಂತಿಯೊಂದು ಮಾತ್ರ ಕಿಲುಬು ಹಿಡಿದಿದೆ. ಮಿರಜಿಗೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ.