ಕೂಸಿನ ಕೆನ್ನೆಯ ಕೆಂಪು

ನಮ್ಮ ಇಳಕಲ್ಲಿನಲ್ಲಿ ಕೂಸಿನ ಮೈಮೇಲೆ ಕೆಂಪು ಮಚ್ಚೆ ಕಂಡರೆ ಅತ್ತೆಯ ಮೊದಲ ಪ್ರಶ್ನೆ ಬಾಣಂತಿಗೇ: "ಗ್ರಹಣದಾಗ ಏನು ಹೆಚ್ಚಿದಿ?" ಪ್ರವಾದಿವರ್ಯರ(ಸ) ಕಂದ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಗಿತ್ತು. ಯಾರ ಹುಟ್ಟು ಸಾವಿಗೂ ಗ್ರಹಣ ಹಿಡಿಯದೆಂದು ಅವರು ಅಂದೇ ತಿಳಿಸಿದ್ದರು. ನಾವಿನ್ನೂ ಈಳಿಗೆಯನ್ನೇ ದೂರುತ್ತಿದ್ದೇವೆ!

ಈ ಕೆಂಪು ಚರ್ಮದಡಿಯ ಸಣ್ಣ ರಕ್ತನಾಳಗಳದ್ದು. ಹುಟ್ಟಿದ ಕೆಲ ವಾರಗಳಲ್ಲಿ ಉಬ್ಬಿ ಬರುವ ಗಂಟು ಸಾಮಾನ್ಯವಾಗಿ ಮೊದಲ ವರ್ಷದೊಳಗೆ ಬೆಳವಣಿಗೆ ನಿಲ್ಲಿಸಿ, ನಿಧಾನವಾಗಿ ಇಂಗುತ್ತದೆ. ಹುಟ್ಟುವಾಗಲೇ ಚಪ್ಪಟೆಯಾಗಿ ಹರಡಿದ ಗಾಢ ಕಲೆ ಮಾಸದು, ಮಗುವಿನೊಂದಿಗೇ ಬೆಳೆಯುತ್ತದೆ, ಲೇಸರಿನಿಂದ ತಿಳಿಯಾದೀತು. ಕಣ್ಣಿನ ಬಳಿಯಿದ್ದರೆ ಎರಡನ್ನೂ ಕೂಡಲೇ ವೈದ್ಯರಿಗೆ ತೋರಿಸಿ. ಗಂಟಿಗೆ ಪ್ರೊಪ್ರಾನೊಲಾಲ್ ಔಷಧ ಫಲಿಸುವುದನ್ನು ಫ್ರಾನ್ಸಿನ ವೈದ್ಯರು 2008ರಲ್ಲಿ ಪ್ರಕಟಿಸಿದರು.

ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಮಾಸದ ಕಲೆಯೇ ಇದೆ. ಹೋದ ವರ್ಷ ಫೋಟೋದ ದಿನ ತಾಯಿ ಅವಳನ್ನು ಶಾಲೆಗೇ ಕಳಿಸಲಿಲ್ಲ. ಈ ಸಲ ಕಳಿಸಿದರು. ಮುಂದಿನ ಸಾಲಿನಲ್ಲೇ ನಿಂತಳು.