ಈಳಗಿಯ ಕೈ, ಸ್ಲೈಸರಿನ ಅಲಗು

ಈಳಗಿಯಲ್ಲಿ ಅಲಗು ಕದಲುವುದಿಲ್ಲ, ಕಾಯಿ ಕದಲುತ್ತದೆ. ಮಣೆಯ ಮೇಲೆ ಒಂದು ಕಾಲು ಒತ್ತಿ ಕೂತರೆ ಸವತಿಕಾಯಿ ಎರಡೂ ಕೈಗಳ ನಡುವೆ ಅಲಗಿನತ್ತ ಹೋಗುತ್ತದೆ, ಬಿಲ್ಲೆಗಳು ಪರಾತಕ್ಕೆ ಬೀಳುತ್ತವೆ. ಚಾಕುವಿನಲ್ಲಿ ಇದು ತಿರುವುಮುರುವು: ಕಾಯಿ ಕೂತಿರುತ್ತದೆ, ಅಲಗು ಓಡಾಡುತ್ತದೆ. ಚಾಕು ಹಿಡಿದು ಬೆಳೆದವರಿಗೆ ಈಳಗಿ ಕಂಡರೆ ಭಯ, ಈಳಗಿಯಲ್ಲಿ ಪಳಗಿದವರಿಗೆ ಚಾಕು ಆಟದ ಸಾಮಾನು.

ಈ ಲೆಕ್ಕದಲ್ಲಿ ನೋಡಿದರೆ ಮ್ಯಾಂಡೊಲಿನ್ ಸ್ಲೈಸರ್ ಈಳಗಿಯ ಬಳಗದ್ದು. ಹೆಸರು ಫ್ರಾನ್ಸಿನದಾದರೂ ಕೆಲಸ ನಮಗೆ ಗೊತ್ತಿದ್ದದ್ದೇ. ಒಂದು ಹಲಗೆ, ಅದರ ನಡುವೆ ಅಡ್ಡಲಾಗಿ ಕೂರಿಸಿದ ಅಲಗು. ಹಲಗೆಯ ಮೇಲಿನ ಅರ್ಧ ಅಲಗಿಗಿಂತ ತುಸು ತಗ್ಗಿನಲ್ಲಿರುತ್ತದೆ. ಆ ತಗ್ಗು ಎಷ್ಟೋ ಬಿಲ್ಲೆಯ ದಪ್ಪ ಅಷ್ಟು. ಜಮಖಂಡಿಯ ಭಾಂಡೆ ಅಂಗಡಿಗಳಲ್ಲಿ ಇದನ್ನು ಸ್ಲೈಸರ್ ಎಂದೇ ಕೇಳುತ್ತಾರೆ. ಮನೆಗಳಲ್ಲಿ ಅದು ‘ಚಿಪ್ಸ್ ಮಣಿ’. ಶಿವರಾತ್ರಿಯ ಹೊತ್ತಿಗೆ ಬಿಸಿಲು ಏರತೊಡಗಿದಾಗ ಬಟಾಟಿ ಚಿಪ್ಸ್ ಮಾಡಿ ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಒಣಗಿಸುವ ಮನೆಗಳಿಗೆ ಐದಾರು ಕಿಲೋ ಬಟಾಟಿಯನ್ನು ಒಂದೇ ದಪ್ಪಕ್ಕೆ ಹೆಚ್ಚುವ ಸಾಧನ ಬೇಕೇ ಬೇಕು. ಒಂದು ದಪ್ಪ, ಒಂದು ತೆಳುವಾದರೆ ಕುದಿಯುವಾಗ ತೆಳುವಾದದ್ದು ಕರಗಿ ದಪ್ಪನೆಯದು ಹಸಿಯಾಗೇ ಉಳಿಯುತ್ತದೆ.

ನೇಕಾರ ಮನೆಗಳ ಹೆಂಗಸರು ತಮ್ಮ ಕೆಲಸದ ಬಗ್ಗೆ ಆಡುವ ಮಾತುಗಳ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ. ಹಾಗಾಗಿ ಬನಹಟ್ಟಿಯ ಅಡುಗೆಮನೆಗಳಲ್ಲಿ ಕೂರುವ ಅವಕಾಶ ಸಿಕ್ಕಿದೆ. ಅಲ್ಲಿ ಮಗ್ಗದ ಮನೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಹೋದ ವರ್ಷ ನಾನು ಉಳಿದುಕೊಂಡಿದ್ದ ಮನೆಯ ಚಿಗವ್ವನ ಎಡಗೈ ತೋರುಬೆರಳ ತುದಿಯಲ್ಲಿ ಒಂದು ಚಪ್ಪಟೆ ಜಾಗ ಇತ್ತು. ಕೇಳಿದೆ. ಬಟಾಟಿ ಮುಗಿಯುತ್ತ ಬಂದಾಗ ಅದರ ಜೊತೆಗೆ ಬೆರಳ ತುದಿಯೂ ಬಿಲ್ಲೆಯಾಗಿ ಹೋಗಿತ್ತಂತೆ.

“ತೊಗಲ ಬಂತವ್ವಾ. ಆದ್ರ ಎಳಿ ಕೈಗೆ ತಿಳೀವಲ್ದು” ಎಂದರು.

ಈ ಮಾತಿನ ತೂಕ ಮಗ್ಗದ ಮುಂದೆ ನಿಂತಾಗ ಗೊತ್ತಾಗುತ್ತದೆ. ಹಾಸಿನ ಒಂದು ಎಳೆ ಹರಿದರೆ ಅದನ್ನು ಹುಡುಕಿ, ಎಳೆದು, ಗಂಟು ಹಾಕುವುದು ಬೆರಳ ತುದಿ. ಅಷ್ಟು ಸಣ್ಣ ಎಳೆ ಕಣ್ಣಿಗಿಂತ ಮೊದಲು ಚರ್ಮಕ್ಕೆ ತಿಳಿಯುತ್ತದೆ. ಗಾಯ ಮಾಯುವ ತನಕ ಅವರಿಗೆ ಗಂಟು ಹಾಕಲು ಆಗಲಿಲ್ಲ. ಸೀರೆಯ ಲೆಕ್ಕದಲ್ಲಿ ಮಜೂರಿ ಬರುವ ಮನೆಯಲ್ಲಿ ಇದು ಅಡುಗೆಮನೆಯ ಸಣ್ಣ ಗಾಯ ಅಲ್ಲ. ಮಾಯ್ದ ಮೇಲೂ ನಡುಬೆರಳಿಗೆ ಹೊಸದಾಗಿ ಕೆಲಸ ಕಲಿಸಬೇಕಾಯಿತು.

ಈಳಗಿಯಲ್ಲಿ ಮೂವತ್ತು ವರ್ಷ ಪಳಗಿದ ಕೈಗೆ ಹೀಗೇಕಾಯಿತು? ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಈಳಗಿಯ ಅಲಗು ನಮ್ಮ ಕಣ್ಣೆದುರಿಗೆ ಎದ್ದು ನಿಂತಿರುತ್ತದೆ. ಬಿಲ್ಲೆಯ ದಪ್ಪವನ್ನು ನಿರ್ಧರಿಸುವುದು ಬೆರಳೇ, ಆದ್ದರಿಂದ ಪ್ರತಿ ಸಲವೂ ಬೆರಳಿಗೆ ತಾನೆಲ್ಲಿದ್ದೇನೆ ಎಂಬ ಅರಿವಿರುತ್ತದೆ. ಸ್ಲೈಸರಿನಲ್ಲಿ ಅಲಗು ಮಲಗಿರುತ್ತದೆ. ಕಾಯಿಯೇ ಅದನ್ನು ಮುಚ್ಚುತ್ತದೆ. ದಪ್ಪವನ್ನು ಹಲಗೆ ನೋಡಿಕೊಳ್ಳುವುದರಿಂದ ಬೆರಳಿಗೆ ಯೋಚಿಸುವ ಕೆಲಸವಿಲ್ಲ, ತಳ್ಳುವುದಷ್ಟೇ. ಕೈ ಲಯಕ್ಕೆ ಬೀಳುತ್ತದೆ. ಕಾಯಿ ಒಂದೊಂದು ತಳ್ಳಿಗೂ ಒಂದೆರಡು ಮಿಲಿಮೀಟರ್ ಕರಗುತ್ತ ಬೆರಳು ಅಲಗಿಗೆ ಹತ್ತಿರವಾಗುತ್ತದೆ, ಆದರೆ ಲಯ ಬದಲಾಗುವುದಿಲ್ಲ. ಈಳಗಿ ಕೊಟ್ಟ ಧೈರ್ಯವೇ ಇಲ್ಲಿ ಕೈ ಕೊಡುತ್ತದೆ.

ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ನೂಲು ಹರಿದರೆ ಅಥವಾ ಕಂಡಿಕೆ ಮುಗಿದರೆ ಒಂದು ಪುಟ್ಟ ಫೋರ್ಕ್ ಅದನ್ನು ಗುರುತಿಸಿ ಮಗ್ಗವನ್ನು ನಿಲ್ಲಿಸುತ್ತದೆ. ಬಟ್ಟೆ ಕೆಡಬಾರದು ಎಂದು ಮಾಡಿದ ಏರ್ಪಾಡು ಅದು. ಬಟಾಟಿ ಮುಗಿಯಿತು ಎಂದು ಹೇಳುವ ಏರ್ಪಾಡು ಸ್ಲೈಸರಿನಲ್ಲಿಲ್ಲ. ನಮ್ಮಲ್ಲಿ ಅದರ ಬದಲು ಒಂದು ಮಾತಿದೆ: “ನೋಡಕೊಂಡ ಹೆಚ್ಚವಾ.” ಕೈ ಕೊಯ್ದರೆ ಹೆಂಗಸಿನ ಲಕ್ಷ್ಯ ಎಲ್ಲೋ ಇತ್ತು ಎನ್ನುತ್ತೇವೆ. ಸಾಧನದಲ್ಲಿ ಏನು ಕಡಿಮೆ ಇತ್ತು ಎಂದು ಕೇಳುವುದಿಲ್ಲ.

ಕೊಳ್ಳುವಾಗಲೇ ಅದನ್ನು ಕೇಳಬೇಕು. ಮೊದಲ ಪ್ರಶ್ನೆ ಅಲಗಿನದಲ್ಲ, ಹಿಡಿಕೆಯದು. ಕಾಯಿಯನ್ನು ಮುಳ್ಳುಗಳಿಂದ ಕಚ್ಚಿ ಹಿಡಿದು, ಹಲಗೆಯ ಎರಡೂ ಅಂಚುಗಳ ಮೇಲೆ ಜಾರುವ ಅಗಲವಾದ ಹಿಡಿಕೆ ಜೊತೆಗಿರಬೇಕು. ಅದು ಇಲ್ಲದ್ದು ಎಷ್ಟೇ ಸೋವಿಯಾದರೂ ಬೇಡ. ಎರಡನೆಯದು, ಕೆಳಗಿನ ಕಾಲುಗಳಿಗೆ ರಬ್ಬರ್ ಇರಬೇಕು. ಮೂರನೆಯದು, ದಪ್ಪವನ್ನು ತಿರುಪಿನಿಂದ ಬದಲಿಸುವಂತಿದ್ದು, ಕೆಲಸ ಮುಗಿದ ಮೇಲೆ ಅಲಗು ಹಲಗೆಯ ಮಟ್ಟಕ್ಕೆ ಮುಚ್ಚಿಹೋಗುವ ಸ್ಥಾನವೂ ಇರಬೇಕು. ಐದಾರು ಬಿಡಿ ಅಲಗುಗಳ ಡಬ್ಬಿ ಅಗ್ಗವೆನಿಸುತ್ತದೆ, ಆದರೆ ಪ್ರತಿ ಸಲ ಅಲಗು ಕಳಚಿ ಹಾಕುವಾಗಲೂ ಬೆರಳು ಅದನ್ನು ಮುಟ್ಟಲೇಬೇಕು. ನೇರ ಅಲಗಿಗಿಂತ ‘ವಿ’ ಆಕಾರದ್ದು ಟೊಮೆಟೊ, ಬದನೆಯಂಥ ಮೆತ್ತನೆಯವನ್ನು ಕಡಿಮೆ ಒತ್ತಡದಲ್ಲಿ ಕೊಯ್ಯುತ್ತದೆ. ಒಣಗಿಸುವ ಚಿಪ್ಸಿಗೆ 2 ಮಿಲಿಮೀಟರ್ ಸಾಕು. ರೊಟ್ಟಿಯ ಜೊತೆ ತಿನ್ನುವ ಸವತಿಕಾಯಿ, ಗಜ್ಜರಿಗೆ 3 ಇದ್ದರೆ ಬಾಯಿಗೆ ಸಿಗುತ್ತದೆ.

ಅಲಗು ತಗುಲಿದರೂ ಕೊಯ್ಯದಂತೆ ತಡೆಯುವ ಕೈಗವಸುಗಳೂ ಸಿಗುತ್ತವೆ. ಯುರೋಪಿನ ಇಎನ್ 388 ಮಾನದಂಡ ಈ ತಡೆಯುವ ಶಕ್ತಿಯನ್ನು ‘ಎ’ಯಿಂದ ‘ಎಫ್’ವರೆಗೆ ಅಳೆಯುತ್ತದೆ, ‘ಎಫ್’ ಎಲ್ಲಕ್ಕಿಂತ ಗಟ್ಟಿ. ಹತ್ತಿಯ ಸಾದಾ ಕೈಗವಸು ಈ ಲೆಕ್ಕಕ್ಕಿಲ್ಲ. ಒಳ್ಳೆಯದೂ ಪೂರ್ತಿ ಕವಚವಲ್ಲ, ಹಿಡಿಕೆಯ ಜೊತೆಗೆ ಅದು ಎರಡನೆಯ ಕಾವಲು.

ಬಳಸುವಾಗ ಬಟಾಟಿಯನ್ನು ಮೊದಲು ಚಾಕುವಿನಿಂದ ಅಡ್ಡ ಕೊಯ್ದು ಚಪ್ಪಟೆ ಮುಖ ಮಾಡಿಕೊಳ್ಳಬೇಕು. ಉರುಟು ಮುಖ ಹಲಗೆಯ ಮೇಲೆ ಹೊರಳುತ್ತದೆ, ಹೊರಳಿದ ಕಡೆ ಬೆರಳೂ ಹೋಗುತ್ತದೆ. ಸ್ಲೈಸರನ್ನು ಪರಾತದ ಅಂಚಿಗೆ ಆನಿಸಿ ಇಡುವುದು ನಮ್ಮ ರೂಢಿ, ಅದು ಜಾರುತ್ತದೆ. ಕೆಳಗೊಂದು ಹಸಿ ಬಟ್ಟೆ ಹಾಸಿ ಸಮತಟ್ಟಾಗಿ ಇಡಬೇಕು. ಅಂಗೈ ಚಾಚಿ ತಳ್ಳಬೇಕೇ ಹೊರತು ಬೆರಳು ಇಳಿಬಿಟ್ಟು ಅಲ್ಲ. ಜೋರು ಹಾಕಬೇಕಾಗಿ ಬಂದರೆ ಅಲಗು ಮೊಂಡಾಗಿದೆ ಎಂದರ್ಥ, ಮೊಂಡ ಅಲಗು ಇನ್ನೂ ಅಪಾಯ. ತೊಳೆಯುವಾಗ ನೀರು ತುಂಬಿದ ಬುಟ್ಟಿಯಲ್ಲಿ ಬಿಡಬಾರದು, ನೊರೆಯ ಕೆಳಗಿನ ಅಲಗು ಯಾರ ಕಣ್ಣಿಗೂ ಕಾಣುವುದಿಲ್ಲ.

ಇಷ್ಟಾಗಿಯೂ ಕೊಯ್ದರೆ ಚೊಕ್ಕ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ, ಕೈ ಎದೆಗಿಂತ ಮೇಲೆ ಎತ್ತಿ ಹಿಡಿಯಬೇಕು. ಕಾಫಿಪುಡಿ, ಅರಿಶಿಣ, ಸುಣ್ಣ ತುಂಬಬಾರದು, ಡಾಕ್ಟರು ಅದನ್ನೆಲ್ಲ ತೊಳೆದೇ ಮುಂದಿನ ಕೆಲಸ ಮಾಡಬೇಕು. ತುದಿ ಪೂರ್ತಿ ತುಂಡಾಗಿದ್ದರೆ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಜೊತೆಗೆ ಒಯ್ಯಬೇಕು. ಮಂಜು ನೇರವಾಗಿ ತಾಗಬಾರದು. ಧನುರ್ವಾಯುವಿನ ಇಂಜೆಕ್ಷನ್ ಬಗ್ಗೆ ಕೇಳಬೇಕು. ಎಲುಬು ಕಾಣದ ಸಣ್ಣ ಗಾಯ ಸಾಮಾನ್ಯವಾಗಿ ತಾನೇ ತುಂಬಿಕೊಳ್ಳುತ್ತದೆ, ಸ್ಪರ್ಶ ಮಾತ್ರ ಮೊದಲಿನಂತೆ ಮರಳದೆ ಉಳಿಯಬಹುದು.

ಇಷ್ಟೆಲ್ಲ ತಿಳಿದ ಮೇಲೂ ಒಂದು ಗಂಟು ಬಿಡಿಸಬೇಕು. ಕೊನೆಯ ತುಂಡನ್ನು ನಾವು ಯಾಕೆ ತಳ್ಳುತ್ತೇವೆ? ಉಳಿಸಲು. ಒಂದು ಇಂಚು ಬಟಾಟಿ ಬಿಸಾಡುವುದು ನಮ್ಮ ಮನೆಗಳ ಹೆಂಗಸರ ಕೈಗೆ ಬಾರದ ಕೆಲಸ. ಮಹಾಲಿಂಗಪುರದ ಸುತ್ತಿನ ಬೆಲ್ಲದ ಗಾಣಗಳಲ್ಲಿ ಕಬ್ಬು ಕೊಡುವವರು ತುದಿಯನ್ನು ಕೈಯಿಂದ ತಳ್ಳದೆ ಮುಂದಿನ ಕಬ್ಬಿನಿಂದ ತಳ್ಳುವುದನ್ನು ನೋಡಿದ್ದೇನೆ. ಅಲ್ಲಿ ಕಬ್ಬೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ. ಅಡುಗೆಮನೆಗೂ ಅಂಥದೊಂದು ದಾರಿ ಇದೆ: ಹೆಬ್ಬೆರಳಗಲ ಉಳಿದ ತಕ್ಷಣ ನಿಲ್ಲಿಸಿ, ಆ ತುಂಡನ್ನು ಪಕ್ಕದ ಬೋಗುಣಿಗೆ ಹಾಕುವುದು. ಐದು ಕಿಲೋ ಬಟಾಟಿಗೆ ಬೋಗುಣಿ ತುಂಬ ತುಂಡುಗಳಾಗುತ್ತವೆ. ಈಳಗಿಯ ಮೇಲೆ ಸಣ್ಣಗೆ ಹೆಚ್ಚಿ, ಹಸಿಮೆಣಸಿನಕಾಯಿ ಹಾಕಿದರೆ ರಾತ್ರಿಯ ರೊಟ್ಟಿಗೆ ಪಲ್ಯ ಆಯಿತು.