ಊರೇ ಮನೆತನದ ಹೆಸರು
ಮೈಸೂರಿನಿಂದ ನಂಜನಗೂಡಿಗೆ ಹೊರಟ ರೈಲು ಕಡಕೊಳ ದಾಟಿದರೆ ತಾಂಡವಪುರ. ಈ ಸೀಮೆಯ ಹಲವರಿಗೆ ಮನೆತನದ ಹೆಸರೆಂಬುದಿಲ್ಲ. ಊರಿನ ಮೊದಲಕ್ಷರವೇ ಇನಿಷಿಯಲ್. ಲೇಖಕಿ ತಿರುಮಲಾಂಬಾ ಅವರ ಹೆಸರಿನ ಮುಂದೆ ನಂಜನಗೂಡು ನಿಂತಿತು; ಮಹಾದೇವ ಅವರ ಹೆಸರಿನ ಮುಂದೆ ಅದೇ ತಾಲ್ಲೂಕಿನ ದೇವನೂರು.

ರಷ್ಯದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರೂ ಬೇಕು. ಅಲ್ಲಿಂದ ಬಂದ ಅಪರೂಪದ ಹೆಸರೊಂದು ನಮಗೂ ಪರಿಚಿತ: ರೋರಿಚ್. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ನಿಕೊಲಾಯೆವಿಚ್ ರೋರಿಚ್ 1993ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೂ ದೇವಿಕಾರಾಣಿಯವರಿಗೂ ಮಕ್ಕಳಿರಲಿಲ್ಲ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಆ ಹೆಸರು ಈಗ ಎಸ್ಟೇಟಿಗಷ್ಟೇ ಉಳಿದಿದೆ.

ಇತ್ತ ಪಾಸ್‌ಪೋರ್ಟ್ ಅರ್ಜಿಯ 'ಸರ್‌ನೇಮ್' ಕಲಂ ಕಂಡ ವಿದ್ಯಾರ್ಥಿ ಅಪ್ಪನ ಮುಖ ನೋಡುತ್ತಾನೆ. ಅವರು ತಮ್ಮ ಹೆಸರನ್ನೇ ಬರೆಸುತ್ತಾರೆ. ತಾಂಡವಪುರ 'ಹುಟ್ಟಿದ ಸ್ಥಳ'ದ ಕಲಮಿಗೆ ಇಳಿಯುತ್ತದೆ.